ಹರಿಗೋಲೋ, ಟ್ಯೂಬೋ?

ಕಲಘಟಗಿ ತಾಲೂಕು
ಶೀಗಿ ಹುಣ್ಣಿಮೆ ಕಳೆದ ವಾರ

ಪ್ರೀತಿಯ ಗೆಳೆಯರೆ,

ಭತ್ತದ ತೆನೆ ಬಾಗಿದೆ, ಇನ್ನು ಕೆಲವು ದಿವಸದಲ್ಲಿ ಕುಡುಗೋಲು ಬೀಳುತ್ತದೆ. ನಿಮ್ಮ ಕಾಗದ ಓದಿ ಬಹಳ ಸಂತೋಷವಾಯಿತು. ಅಣ್ಣಿಗೇರಿ ಸೀಮೆಯ ಎರಿ ಹೊಲದಲ್ಲಿ ಕಡಲಿ ಬಿತ್ತಿ ಮುಗಿದದ್ದು, ನಿಮ್ಮೂರ ದೊಡ್ಡ ಕೆರೆ ಈ ಸಲ ಕೋಡಿ ಮಟ್ಟಕ್ಕೆ ತುಂಬಿದ್ದು, ಆ ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಂಘಕ್ಕೆ ನೀವೂ ನಿಮ್ಮ ಅಕ್ಕನ ಮಗನೂ ಸೇರಿದ್ದು, ಇಷ್ಟು ಒಳ್ಳೆಯ ಸುದ್ದಿ ಒಂದೇ ಕಾಗದದಲ್ಲಿ ಬರುವುದು ಅಪರೂಪ. ಕೊನೆಗೆ ನೀವು ಕೇಳಿದ ಪ್ರಶ್ನೆ: ‘ಮೀನ ಹಿಡಿಯಾಕ ಹರಗೋಲ ತಗೋಳೂದೋ, ಇಲ್ಲಾ ಎಲ್ಲಾರಂಗ ಟ್ಯೂಬಿನ ಮ್ಯಾಲ ನಡಸೂದೋ?’

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹರಿಗೋಲು ತಗೊಳ್ಳಿರಿ, ಅದೂ ಇಬ್ಬರೂ ಕೂಡಿ ಒಂದನ್ನು. ಕಾಗದವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಿಮ್ಮ ಅಳಿಯ ಟ್ಯೂಬಿನ ಕಡೆ ವಾಲಿದ್ದಾನೆ ಅಂತ ಬರೆದಿದ್ದೀರಿ, ಅವನ ಮಾತಿನಲ್ಲೂ ತೂಕವಿದೆ. ಹರೇದ ಹುಡುಗನಿಗೆ ಹಿರಿಯರ ಮಾತು ಅಂದರೆ ಸಾಲದು, ಕಾರಣ ಬೇಕು. ಈ ಕಾಗದವನ್ನು ಅವನಿಗೂ ಓದಲು ಕೊಡಿರಿ.

ನಿಮ್ಮ ನೀರಿನಿಂದಲೇ ಶುರು ಮಾಡಬೇಕು. ನಮ್ಮ ಜಿಲ್ಲೆಯ ನೀರು ಎರಡು ದಿಕ್ಕಿಗೆ ಹರಿಯುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಪಡುವಣಕ್ಕೆ ಇಳಿದು ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನ್ನಿಸಿಕೊಂಡು ಅಂಕೋಲಾ ಸೀಮೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದು ನಮ್ಮ ಕಲಘಟಗಿ ಕಡೆಯ ನೀರು. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಮಳೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳಲ್ಲಿ ಹರಿದು ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಅಲ್ಲಿಂದ ಮೂಡಣ ಕಡಲಿಗೆ ಹೋಗುತ್ತದೆ. ಕೆರೆಗಳ ಗುಣವೂ ಹಾಗೆಯೇ ಬೇರೆ ಬೇರೆ. ನಮ್ಮ ಕಡೆ ಕೆಂಪು ನೆಲ, ಕಾಡಿನ ಅಂಚು. ನೀರಿನೊಳಗೆ ಮರದ ಬೊಡ್ಡೆ, ದಂಡೆಗೆ ಜೊಂಡು. ನಿಮ್ಮ ಕಡೆಯದು ಎರಿ ಮಣ್ಣು. ನೀರು ಹಾಲು ಬೆರೆಸಿದ ಚಹಾದ ಬಣ್ಣ, ಒಂದು ಗೇಣು ಒಳಗಿರುವ ಕೈ ಕಾಣುವುದಿಲ್ಲ. ತಳ ಹುದುಲು. ಕೆರೆ ಒಣಗಿದ ವರ್ಷಗಳಲ್ಲಿ ಅಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿ ಕಂಟಿಗಳು ನೀರು ತುಂಬಿದಾಗ ಹಾಗೇ ಮುಳುಗಿ, ಸತ್ತು, ಮುಳ್ಳು ಮಾತ್ರ ಉಳಿಸಿಕೊಂಡು ನಿಂತಿರುತ್ತವೆ. ಈ ಮುಳ್ಳು, ಈ ಹುದುಲು, ಈ ಕಾಣದ ನೀರು, ಇವುಗಳನ್ನು ಎಣಿಕೆಗೆ ತಗೊಳ್ಳದೆ ಟ್ಯೂಬು ಹರಿಗೋಲುಗಳ ಬೆಲೆ ಹೋಲಿಸಿ ಪ್ರಯೋಜನವಿಲ್ಲ.

ಟ್ಯೂಬಿನ ಗುಣ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಬಡವರ ಕೈ ಹಿಡಿದ ವಸ್ತು. ಲಾರಿಯದೋ ಟ್ರ್ಯಾಕ್ಟರಿನ ಹಿಂದಿನ ಗಾಲಿಯದೋ ಹಳೇ ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ತೇಪೆ ಹಾಕಿಸಿ, ಗಾಳಿ ತುಂಬಿಸಿ, ನಡುವೆ ಹಗ್ಗ ಹೆಣೆದು ಅದರ ಮೇಲೊಂದು ಚೀಲ ಕಟ್ಟಿದರೆ ಕೂಡಲು ಜಾಗವಾಯಿತು. ಸೈಕಲ್ಲಿನ ಮೇಲೆ ಹೊತ್ತು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಹುದು. ಗಾಳಿ ಬಿಟ್ಟರೆ ಮಡಚಿ ಮೂಲೆಯಲ್ಲಿಡಬಹುದು. ದಂಡೆಯಲ್ಲಿ ಬಿಟ್ಟು ಬಂದು ಯಾರು ಒಯ್ದರೋ ಅಂತ ರಾತ್ರಿಯೆಲ್ಲ ಚಿಂತೆ ಮಾಡಬೇಕಾಗಿಲ್ಲ. ಕೈಗೆ ರಬ್ಬರ್ ಚಪ್ಪಲಿ ಸಿಕ್ಕಿಸಿಕೊಂಡೋ ಹಲಗೆಯ ತುಂಡು ಹಿಡಿದೋ ನೀರು ಹಿಂದಕ್ಕೆ ತಳ್ಳುತ್ತ, ಒಬ್ಬನೇ ಮನುಷ್ಯ ಸಂಜೆಗೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತಿಕೊಂಡು ಬರುತ್ತಾನೆ. ಆ ದುಡಿಮೆಯಿಂದ ಮನೆ ನಡೆಸಿದವರು, ಮಕ್ಕಳನ್ನು ಓದಿಸಿದವರು ನಮ್ಮ ನಡುವೆ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಹರಿಗೋಲಿಗೆ ದುಡ್ಡು ಇಲ್ಲದ್ದಕ್ಕೆ ಅವರು ಟ್ಯೂಬು ಹಿಡಿದರು. ನಿಮಗೆ ಆರಿಸಿಕೊಳ್ಳುವ ಅನುಕೂಲ ಇದೆ. ಇದ್ದಾಗ ಯಾಕೆ ಟ್ಯೂಬು, ಎನ್ನುವುದೇ ನನ್ನ ಮಾತು.

ಅಳಿಯ ಮೊಬೈಲಿನಲ್ಲಿ ತೋರಿಸಿದ್ದಾಗಿ ನೀವು ಬರೆದ ವಿದೇಶದ ತೇಲುವ ಟ್ಯೂಬಿನ ವಿಷಯಕ್ಕೆ ಬರೋಣ. ಅದು ಒಳ್ಳೆಯ ಸಾಧನ, ಸುಳ್ಳಲ್ಲ. ಒರಗಲು ಬೆನ್ನು, ಮೀನು ಅಳೆಯಲು ಮುಂದೊಂದು ಪಟ್ಟಿ, ಬದಿಗೆ ಜೇಬುಗಳು. ಕೂತವನು ಸೊಂಟದಿಂದ ಕೆಳಗೆ ನೀರಿನಲ್ಲಿರುತ್ತಾನೆ. ಕಾಲಿಗೆ ಬಾತುಕೋಳಿ ಪಾದದಂಥ ರಬ್ಬರಿನ ಈಸುಗಾಲು ಕಟ್ಟಿಕೊಂಡು ಹಿಮ್ಮುಖವಾಗಿ ಸಾಗುತ್ತಾನೆ. ಕಾಲು ನಡೆಸುವುದರಿಂದ ಎರಡೂ ಕೈ ಗಾಳದ ಕೋಲಿಗೆ ಬಿಡುವು. ಮೈಗೆ ನೀರು ತಾಗದ ಎದೆಮಟ್ಟದ ರಬ್ಬರ್ ಉಡುಪು. ಗಾಳಿಯ ಚೀಲ ಒಂದೇ ಅಲ್ಲ, ಎರಡು ಮೂರು ಪ್ರತ್ಯೇಕ ಕೋಣೆಗಳು; ಒಂದು ಹರಿದರೂ ಇನ್ನೊಂದು ದಂಡೆಗೆ ತರುತ್ತದೆ. ಇಷ್ಟೆಲ್ಲ ಸೇರಿದಾಗ ಅದು ಆ ಸಾಧನವಾಗುತ್ತದೆ. ನಮ್ಮ ಲಾರಿ ಟ್ಯೂಬಿನಲ್ಲಿ ಇವು ಒಂದೂ ಇಲ್ಲ. ಕೈಯೇ ಹುಟ್ಟು, ಕೈಯೇ ಬಲೆ ಹಿಡಿಯಬೇಕು. ಕಾಲಿಗೆ ಚಡ್ಡಿಯ ಹೊರತು ರಕ್ಷಣೆಯಿಲ್ಲ. ಗಾಳಿಯದು ಒಂದೇ ಕೋಣೆ. ಆ ವಿದೇಶದ ಟ್ಯೂಬು ಆದರೂ ತಿಳಿನೀರಿನ ಕೊಳಗಳಲ್ಲಿ ಗಾಳ ಹಾಕಿ ಒಂದೊಂದು ಮೀನು ಹಿಡಿದು ಖುಷಿಪಡುವವರಿಗಾಗಿ ಮಾಡಿದ್ದು. ಬಲೆ ಎಳೆದು ಬುಟ್ಟಿಗಟ್ಟಲೆ ಕಟ್ಲಾ ರೋಹು ತರುವವರು ಅದರ ಲೆಕ್ಕದಲ್ಲಿಲ್ಲ.

ಮುಖ್ಯ ಮಾತು ಇಲ್ಲಿದೆ, ಗೆಳೆಯರೆ. ಟ್ಯೂಬಿನಲ್ಲಿ ಕೂತವನ ಅರ್ಧ ಮೈ ಕೆರೆಯ ಒಳಗೇ ಇರುತ್ತದೆ. ಎರಿ ಸೀಮೆಯ ಕೆರೆಯ ಒಳಗೆ ಏನಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ಜಾಲಿ ಮುಳ್ಳು ಕಾಲಿಗೆ ನಾಟಿದರೆ ವಾರಗಟ್ಟಲೆ ಕೀವು. ಟ್ಯೂಬಿಗೆ ನಾಟಿದರೆ ನಡುನೀರಿನಲ್ಲಿ ಗಾಳಿ ಹೋಗುತ್ತದೆ. ಚೇಳುಮೀನಿನ ಎದೆಯ ಈಜುರೆಕ್ಕೆಯಲ್ಲಿ ವಿಷದ ಮುಳ್ಳಿರುತ್ತದೆ. ಕೆಸರು ತಳದ ಆ ಮೀನು ಬಲೆಯಲ್ಲಿ ಬಂದಾಗ ಟ್ಯೂಬಿನವನು ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಿಡಿಸಬೇಕು. ಅಂತರಗಂಗೆ ಹಬ್ಬಿದ ಕಡೆ ಅದರ ಬೇರು ಕಾಲಿಗೆ ತೊಡಕುತ್ತದೆ. ಸ್ವಂತ ಬಲೆಯೂ ತೊಡಕಬಹುದು, ಅದೇ ಎಲ್ಲಕ್ಕಿಂತ ಭಯದ್ದು: ಸಣ್ಣ ನೈಲಾನ್ ಎಳೆ, ಕತ್ತಲು, ಎರಡೂ ಕೈ ಕೆಲಸದಲ್ಲಿ, ಕಾಲಿಗೆ ಸುತ್ತಿದ್ದು ಗೊತ್ತಾಗುವಷ್ಟರಲ್ಲಿ ಬಲೆಯ ತೂಕ ಕೆಳಗೆ ಎಳೆಯುತ್ತಿರುತ್ತದೆ. ಈಸು ಬಲ್ಲವರಿಗೂ ಅಲ್ಲಿ ಈಸು ಒದಗುವುದಿಲ್ಲ. ಇನ್ನು ಧನುರ್ಮಾಸದ ನಸುಕಿನಲ್ಲಿ ತಾಸುಗಟ್ಟಲೆ ಸೊಂಟದ ತನಕ ತಣ್ಣೀರು. ಹರೇದಲ್ಲಿ ಏನೂ ಅನ್ನಿಸುವುದಿಲ್ಲ, ಆದರೂ ಬೆರಳು ಮರಗಟ್ಟಿದವನಿಗೆ ಗಂಟು ಬಿಚ್ಚಲು ಬರುವುದಿಲ್ಲ.

ಗಾಳಿಯ ಇನ್ನೊಂದು ಗುಣ ಅಳಿಯನಿಗೆ ತಿಳಿದಿರಲಿ. ಬಿಸಿಲಲ್ಲಿಟ್ಟು ತುಂಬಿದ ಟ್ಯೂಬು ದಂಡೆಯ ಮೇಲೆ ಬಿಗಿಯಾಗಿ ಕಾಣುತ್ತದೆ. ತಣ್ಣೀರಿಗೆ ಇಳಿಸಿದ ಮೇಲೆ ಒಳಗಿನ ಗಾಳಿ ಕುಗ್ಗಿ ಸಡಿಲವಾಗುತ್ತದೆ. ಟ್ಯೂಬನ್ನೇ ನಂಬಿದವರು ಅದನ್ನು ಸ್ವಲ್ಪ ಹೊತ್ತು ನೀರಿನಲ್ಲಿಟ್ಟು ಮತ್ತೆ ಗಾಳಿ ಹಾಕಿಕೊಂಡು ಹೊರಡಬೇಕು. ವಾಲ್ವು ಮೈ ಗೀರದಂತೆ ಹೊರಗಡೆ ಅಥವಾ ಕೆಳಗೆ ತಿರುಗಿಸಿ ಬಟ್ಟೆ ಸುತ್ತಬೇಕು.

ಟ್ಯೂಬು ಹರಿಗೋಲುಗಳ ಈ ಜಗಳ ಬಹಳ ಹಳೆಯದು ಅಂದರೆ ನಿಮಗೆ ಆಶ್ಚರ್ಯವಾದೀತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಸ್ಸೀರಿಯದ ದೊರೆ ಎರಡನೆಯ ಅಶುರ್‌ನಾಸಿರ್‌ಪಾಲನ ಅರಮನೆಯಿಂದ ತಂದ ಕಲ್ಲಿನ ಕೆತ್ತನೆಗಳಿವೆ. ಕ್ರಿಸ್ತಪೂರ್ವ 9ನೆಯ ಶತಮಾನದವು. ಅವುಗಳಲ್ಲಿ ಒಂದು, ಸೈನ್ಯ ನದಿ ದಾಟುವ ಚಿತ್ರ. ಸೈನಿಕರು ಗಾಳಿ ಊದಿದ ತೊಗಲಿನ ಚೀಲಗಳನ್ನು ಎದೆಗೆ ಅವುಚಿಕೊಂಡು ಈಸುತ್ತಿದ್ದಾರೆ. ರಥವನ್ನು ಮಾತ್ರ ದೋಣಿಯಲ್ಲಿ ಸಾಗಿಸುತ್ತಿದ್ದಾರೆ. ಚಿತ್ರ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಕೆರೆಗಳೇ. ಬರಿಮೈಯ ಮನುಷ್ಯ ದಾಟಲು ಗಾಳಿಚೀಲ ಸಾಕು. ಸಾಮಾನು ಇದ್ದವನಿಗೆ ದೋಣಿಯೇ ಬೇಕು. ನೀರು ಕುಡಿದ ಬಲೆ, ಒದ್ದಾಡುವ ಮೀನು, ಲಾಟೀನು ಅಥವಾ ಬ್ಯಾಟರಿ, ಬುತ್ತಿ, ಇಬ್ಬರು ಮನುಷ್ಯರು: ನಿಮ್ಮದು ಸಾಮಾನಿನ ದುಡಿಮೆ. ಆ ಕಾಲದ ಒಂದೇ ತೊಗಲನ್ನು ಹೊಲಿದು ಊದಿದರೆ ಇವತ್ತಿನ ಟ್ಯೂಬು, ಬುಟ್ಟಿಯ ಮೇಲೆ ಬಿಗಿದರೆ ಹರಿಗೋಲು.

ಬುಟ್ಟಿಯ ಮೇಲೆ ತೊಗಲು ಬಿಗಿದ ದುಂಡು ದೋಣಿಗಳ ಬಗ್ಗೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಸುಮಾರು 2400 ವರ್ಷದ ಹಿಂದೆ ಬರೆದಿದ್ದಾನೆ. ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಸರಕು ತರುವವರು ದೋಣಿಯೊಳಗೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಬರುತ್ತಿದ್ದರಂತೆ. ಊರು ಮುಟ್ಟಿದ ಮೇಲೆ ಸರಕನ್ನೂ ಬುಟ್ಟಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಹಿಂದಿರುಗುವುದು. ಆ ದೋಣಿಯನ್ನು ಹರಿವಿಗೆ ಎದುರಾಗಿ ನಡೆಸಲಾಗದು. ನಮ್ಮ ನಾಡಿನಲ್ಲಿ 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಹರಿಗೋಲುಗಳನ್ನು ಕಂಡು ಬರೆದಿಟ್ಟಿದ್ದಾನೆ: ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು, ಸಾಗುವಾಗ ಗಿರಗಿರ ತಿರುಗುತ್ತ ಹೋಗುವಂಥವು. ಇವತ್ತು ಹಂಪಿಗೆ ಹೋದವರು ಆನೆಗೊಂದಿ ಕಡೆಯಲ್ಲಿ ಅದೇ ಆಕಾರವನ್ನು ನೋಡಬಹುದು. ನದಿ ದಾಟಿಸುವ ಕಾಯಕದ ಅಂಬಿಗರ ಚೌಡಯ್ಯನವರ ಊರು ಎನ್ನುವ ಚೌಡಯ್ಯದಾನಪುರವೂ ಅದೇ ತುಂಗಭದ್ರೆಯ ದಂಡೆಯ ಮೇಲಿದೆ, ನಮ್ಮ ಪಕ್ಕದ ಹಾವೇರಿ ಜಿಲ್ಲೆಯಲ್ಲಿ.

ನಮ್ಮ ಜಿಲ್ಲೆಗೇ ಸೇರಿದ ಒಂದು ಕಥೆಯೂ ಇದೆ. 1800ರ ಜುಲೈಯಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಅವರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕುಂದಗೋಳದ ಕೋಟೆ ಹಿಡಿದ. ಅಲ್ಲಿಂದ ಡಂಬಳ, ಆಮೇಲೆ ಮಲಪ್ರಭೆಯ ದಂಡೆಯ ಮುನವಳ್ಳಿ. ತುಂಬಿ ಹರಿಯುವ ಹೊಳೆ ದಾಟಲು ಒದ್ದಾಡುತ್ತಿದ್ದ ಧೋಂಡಿಯಾನ ದಂಡಿನ ಹಿಂಭಾಗ ಅಲ್ಲಿ ಸಿಕ್ಕಿಬಿತ್ತು, ಬಹಳ ಜನ ನೀರುಪಾಲಾದರು. ವೆಲ್ಲೆಸ್ಲಿ ಆ ಮಳೆಗಾಲದಲ್ಲಿ ಕಲಿತ ಪಾಠ ಹರಿಗೋಲಿನದು. ಬುಟ್ಟಿ ಹೆಣೆದು ತೊಗಲು ಹೊದಿಸಿದ ದೋಣಿಗಳು ಕೈಯಲ್ಲಿದ್ದರೆ ನಮ್ಮ ಕಡೆಯ ತುಂಬು ಹೊಳೆಗಳು ತನಗೆ ತಡೆಯಲ್ಲ, ದೋಣಿಯಿಲ್ಲದ ಎದುರಾಳಿಗೆ ತಡೆ ಎನ್ನುವುದನ್ನು ಅವನು ಕಂಡುಕೊಂಡ. 1803ರ ಮರಾಠಾ ಯುದ್ಧಕ್ಕೆ ಮುಂಚೆ ಹೊಳೆಹೊಳೆಗೂ ಅಂಥ ದೋಣಿ ಸಿದ್ಧಪಡಿಸಲು ಕಾಗದದ ಮೇಲೆ ಕಾಗದ ಬರೆದ. 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಫಿರಂಗಿಯ ಸಾಮಾನನ್ನೇ ದಾಟಿಸಿದ ಬುಟ್ಟಿಗೆ ನಿಮ್ಮ ಒಂದು ಮಣ ಮೀನು ಭಾರವಲ್ಲ.

ಹರಿಗೋಲಿನ ಬಲ ಅದರ ಅಗಲವಾದ ಚಪ್ಪಟೆ ತಳದಲ್ಲಿದೆ. ಭಾರ ಎಲ್ಲ ಕಡೆ ಹಂಚಿಹೋಗುವುದರಿಂದ ಕೆಲವೇ ಇಂಚು ನೀರಿದ್ದರೂ ಸಾಗುತ್ತದೆ. ಎರಿ ಕೆರೆಯಲ್ಲಿ ಇದರ ಬೆಲೆ ದೊಡ್ಡದು, ಯಾಕೆಂದರೆ ನೀರು ಇಳಿಯತೊಡಗಿದ ಮೇಲೆ ದಂಡೆಗೂ ಆಳದ ನೀರಿಗೂ ನಡುವೆ ಮೊಣಕಾಲುದ್ದದ ಹುದುಲಿನ ಪಟ್ಟಿ ಬೀಳುತ್ತದೆ. ಟ್ಯೂಬಿನವನು ಆ ಹುದುಲಿನಲ್ಲಿ ಟ್ಯೂಬು ಹೊತ್ತು ನಡೆಯಬೇಕು. ಹರಿಗೋಲಿನವನು ಕೋಲು ಊರಿ ಅದರ ಮೇಲೆಯೇ ಜಾರಿಸಿಕೊಂಡು ಹೋಗುತ್ತಾನೆ. ಮುಳುಗಿದ ಜಾಲಿ ಕಂಟಿಗೆ ತಾಗಿದರೂ ಗೀರು ಬೀಳುತ್ತದೆ, ಅಷ್ಟೇ.

ತಿರುಗುತ್ತದೆ ಎನ್ನುವುದು ಹರಿಗೋಲಿನ ಮೇಲಿನ ದೂರು. ಹೊಸಬನ ಕೈಯಲ್ಲಿ ಬುಗುರಿಯಂತೆ ಸುತ್ತುತ್ತದೆ, ನಿಜ. ಹೊಸಬ ಪಕ್ಕದಲ್ಲಿ ಹುಟ್ಟು ಹಾಕಿ ತಳ್ಳಲು ನೋಡುತ್ತಾನೆ. ತಿಳಿದವನು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ನೀರಿಗೆ ಹುಟ್ಟು ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿಸುತ್ತ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹುಟ್ಟಿನ ತುದಿ ನೀರಿನೊಳಗೆ ಎಂಟರ ಅಂಕಿ ಬರೆಯುತ್ತಿರುತ್ತದೆ. ಆಗ ದುಂಡು ದೋಣಿಯೂ ನೆಟ್ಟಗೆ ಹೋಗುತ್ತದೆ. ಬಲೆ ಬಿಡುವವನಿಗಂತೂ ಆ ತಿರುಗುವ ಗುಣವೇ ಅನುಕೂಲ. ಉದ್ದನೆ ದೋಣಿಯನ್ನು ಬಲೆಯ ಸಾಲಿಗೆ ಹೊಂದಿಸಿ ತಿರುಗಿಸಲು ಜಾಗ ಬೇಕು. ಹರಿಗೋಲಿಗೆ ಮುಂದು ಹಿಂದು ಇಲ್ಲ, ಬಲೆ ಯಾವ ಬದಿಗೆ ಬಂದರೆ ಅದೇ ಮುಂದು. ಒಬ್ಬ ಹುಟ್ಟು ಹಿಡಿದು ಹದವಾಗಿ ಹಿಂದೆ ಸರಿಸುತ್ತಿದ್ದರೆ ಇನ್ನೊಬ್ಬ ಬೆಂಡಿನ ಹಗ್ಗ ಬಿಡುತ್ತ ಹೋಗಬಹುದು. ಎತ್ತುವಾಗ ನಡುವೆ ಮಂಡಿಯೂರಿ ಕೂತು ಎತ್ತಬೇಕು, ಅಂಚಿನ ಮೇಲೆ ಕೂಡಬಾರದು. ನಿಂತು ಬಲೆ ಎಳೆಯುವ ಉತ್ಸಾಹ ಅಳಿಯನಿಗೆ ಬಂದೇ ಬರುತ್ತದೆ, ಅವನನ್ನು ಗದರಿಸಿ ಕೂಡಿಸಿರಿ.

ನೀರಿಗಿಳಿದ ಮೇಲೆ ಒಂದು ವಿಷಯದಲ್ಲಿ ಮಾತ್ರ ಹರಿಗೋಲು ಟ್ಯೂಬಿಗೆ ಸೋಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಗಾಳಿ. ನೀರಿನ ಮೇಲೆ ಎದ್ದು ನಿಲ್ಲುವ ಬುಟ್ಟಿಗೆ ಬೀಸುಗಾಳಿ ಹಿಡಿದರೆ ಅದು ತನ್ನಿಷ್ಟಕ್ಕೆ ಓಡುತ್ತದೆ. ಟ್ಯೂಬಿನವನು ನೀರಿನ ಮಟ್ಟದಲ್ಲಿರುತ್ತಾನೆ, ಇಳಿಬಿಟ್ಟ ಕಾಲೇ ಅವನಿಗೆ ಲಂಗರು. ನಿಮ್ಮ ಮೈದಾನದಲ್ಲಿ ಆಷಾಢದ ಗಾಳಿ ಎಂಥದು ಅಂತ ನಾನು ಹೇಳಬೇಕಾಗಿಲ್ಲ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಇದಕ್ಕೆ ಉಪಾಯ ಎರಡು. ಹಗ್ಗಕ್ಕೆ ಕಟ್ಟಿದ ಕಲ್ಲು ಸದಾ ಹರಿಗೋಲಿನಲ್ಲಿರಲಿ, ಇಳಿಸಿದರೆ ನಿಲ್ಲುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೋ ಆ ದಂಡೆಯಿಂದಲೇ ನೀರಿಗಿಳಿದು, ಗಾಳಿ ಸಾಗಿಸುವ ಕಡೆಗೆ ಬಲೆ ಬಿಡುತ್ತ ಹೋಗಿರಿ, ಕೆಲಸ ಮುಗಿದಾಗ ಎದುರು ದಂಡೆ ತಾನಾಗಿ ಸಿಗುತ್ತದೆ. ಹಿಂದಿರುಗುವಾಗ ಇಬ್ಬರೂ ಹರಿಗೋಲನ್ನು ತಲೆಯ ಮೇಲೆ ಹೊತ್ತು ಕೆರೆ ಏರಿಯ ಮೇಲೆ ನಡೆದು ಬರಬಹುದು. ಮಳೆ ಮೋಡ ಕಟ್ಟಿದ ಸಂಜೆ, ಮಿಂಚು ಕಂಡ ಸಂಜೆ ನೀರಿಗೆ ಇಳಿಯುವ ಮಾತೇ ಬೇಡ.

ಬಿದಿರಿನದೋ ಫೈಬರಿನದೋ ಎನ್ನುವುದು ಮುಂದಿನ ಪ್ರಶ್ನೆ. ಸೀಳು ಬಿದಿರು ಹೆಣೆದು, ಪ್ಲಾಸ್ಟಿಕ್ ಹಾಳೆಯನ್ನೋ ಗೊಬ್ಬರದ ಚೀಲಗಳನ್ನೋ ಹೊಲಿದು ಹೊದಿಸಿ, ಡಾಂಬರು ಬಳಿದ ಹರಿಗೋಲು ನೋಡಲು ಚಂದ, ತೂಕ ಹಗುರ, ಮೇದಾರರ ಕೈಗೆ ಕೆಲಸವೂ ಆಗುತ್ತದೆ. ಆದರೆ ವರ್ಷ ವರ್ಷ ಡಾಂಬರು ಬಳಿಯಬೇಕು, ಬಿಸಿಲಿಗೆ ಒಣಗಿದರೆ ಬಿದಿರು ಸಿಡಿಯುತ್ತದೆ, ನಿಮ್ಮ ಕಡೆ ಬಿದಿರೂ ದುರ್ಲಭ. ಜಾಲಿ ಮುಳ್ಳಿನ ಕೆರೆಗೆ ಫೈಬರ್ ಒಳ್ಳೆಯದು ಅಂತ ನನ್ನ ತೀರ್ಮಾನ. ಬಿರುಕು ಬಿಟ್ಟರೆ ಫೈಬರ್ ಬಟ್ಟೆ ಮತ್ತು ಅಂಟಿನಿಂದ ತೇಪೆ ಹಾಕಬಹುದು. ಕೊಳ್ಳುವ ಮುಂಚೆ ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಸಂಘದ ಪರವಾಗಿ ಒಮ್ಮೆ ಹೋಗಿಬನ್ನಿರಿ. ಒಳನಾಡು ಮೀನುಗಾರರಿಗೆ ಇಲಾಖೆ ಫೈಬರ್ ಹರಿಗೋಲು ಹಂಚಿದ್ದುಂಟು. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲೂ ಸಾಂಪ್ರದಾಯಿಕ ಮೀನುಗಾರರ ದೋಣಿ, ಬಲೆಗೆ ನೆರವು ಇಟ್ಟಿದ್ದರು. ಸದಸ್ಯತ್ವದ ಕಾಗದ, ಗುತ್ತಿಗೆಯ ಕರಾರು, ಬ್ಯಾಂಕ್ ಪುಸ್ತಕ ಜತೆಗಿರಲಿ. ದುಡ್ಡು ಕೊಟ್ಟು ಕೊಂಡ ಮೇಲೆ ಕೇಳಲು ಹೋದರೆ ಉಪಯೋಗವಾಗದು.

ಉದ್ದನೆಯ ದೋಣಿ ಯಾಕಲ್ಲ ಅಂತಲೂ ಒಂದು ಸಾಲು ಬರೆದಿದ್ದೀರಿ. ನಮ್ಮ ಇದೇ ಬೇಡ್ತಿಯ ನೀರು ಗಂಗಾವಳಿಯಾಗಿ ಕಡಲು ಮುಟ್ಟುವ ಕಡೆ ಮರದ ಬೊಡ್ಡೆ ಕೊರೆದ ಪಾತಿ ದೋಣಿಗಳ ಕಾಲವೊಂದಿತ್ತು. ಅಗಲ ಕಡಿಮೆ, ಉದ್ದ ಹೆಚ್ಚು, ಹರಿವಿನ ಎದುರು ಸೀಳಿಕೊಂಡು ಹೋಗಲು ಹೇಳಿಮಾಡಿಸಿದ ಆಕಾರ. ನಿಮ್ಮ ಕೆರೆಯಲ್ಲಿ ಹರಿವಿಲ್ಲ, ದೂರವೂ ಇಲ್ಲ. ಓಟ ಬೇಡದ ನೀರಿಗೆ ಓಟದ ದೋಣಿ ತಂದು ಅದರ ಅಲುಗಾಟಕ್ಕೆ ಹೆದರುತ್ತ ಕೂಡುವುದು ಯಾಕೆ?

ಇನ್ನು ಎಲ್ಲಿ ಇಳಿಯಬಾರದು ಎನ್ನುವುದು. ನವಲಗುಂದ, ಅಣ್ಣಿಗೇರಿ ಕಡೆ ಅಂತರ್ಜಲ ಸವುಳು, ಹೀಗಾಗಿ ಊರೂರಿನ ಕೆರೆಗಳು ಮಲಪ್ರಭಾ ಕಾಲುವೆಯ ನೀರು ತುಂಬಿಕೊಂಡು ಜನಕ್ಕೆ ಕುಡಿಯಲು ಒದಗುತ್ತವೆ. ನಿಮ್ಮದು ಕುಡಿಯುವ ನೀರಿನ ಕೆರೆಯಲ್ಲ ಎಂದು ಬರೆದದ್ದು ಓದಿ ಸಮಾಧಾನವಾಯಿತು. ಕುಡಿಯುವ ಕೆರೆಗೆ ಟ್ಯೂಬೂ ಬೇಡ, ಹರಿಗೋಲೂ ಬೇಡ. ಕಾಲುವೆಗಂತೂ ಎರಡೂ ಸಲ್ಲ: ಗೋಡೆ ನುಣುಪು, ಸೆಳೆತ ಜೋರು, ಮುಂದೆ ಎಲ್ಲೋ ತೂಬು ಅಥವಾ ನೆಲದಡಿಯ ಕೊಳವೆ ಕಾದಿರುತ್ತದೆ. ಬೆಣ್ಣಿಹಳ್ಳ ಬೇಸಗೆಯಲ್ಲಿ ಸಾಧುವಾಗಿ ಕಾಣುತ್ತದೆ. ಮೇಲೆ ಮಳೆಯಾದರೆ ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಹೊಲಕ್ಕೆ ಹೊಲವನ್ನೇ ಮುಳುಗಿಸುವಷ್ಟು ಬರುತ್ತದೆ, 2019ರ ಆಗಸ್ಟಿನ ನೆರೆ ಕಂಡವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೃಷ್ಣೆಯ ಕಡೆ ಅಥವಾ ದಾಂಡೇಲಿಯ ಕಾಳಿಯ ಕಡೆ ನೆಂಟರ ಊರಿಗೆ ಹೋದಾಗ ಟ್ಯೂಬು ಒಯ್ಯುವ ಆಲೋಚನೆ ಅಳಿಯನಿಗೆ ಬಂದರೆ, ಅಲ್ಲಿ ಮೊಸಳೆಗಳಿವೆ ಅಂತ ಮಾತ್ರ ಹೇಳಿರಿ, ಸಾಕು.

ಟ್ಯೂಬನ್ನು ಬಿಸಾಡಬೇಡಿರಿ. ಅದಕ್ಕೆ ಬೇರೆ ಒಳ್ಳೆಯ ಕೆಲಸ ಇದೆ. ಸಣ್ಣದೊಂದು ಟ್ಯೂಬಿಗೆ ಗಾಳಿ ತುಂಬಿ, ಉದ್ದನೆಯ ಹಗ್ಗ ಕಟ್ಟಿ, ಹರಿಗೋಲಿನಲ್ಲಿ ಇಟ್ಟುಕೊಳ್ಳಿರಿ. ಒಬ್ಬ ನೀರಿಗೆ ಬಿದ್ದರೆ ಎಸೆಯಲು ಬೇಕು. ಇನ್ನೊಂದನ್ನು ನಿಮ್ಮ ಹೊಲದ ಕೃಷಿ ಹೊಂಡದ ದಂಡೆಗೆ, ಗೂಟಕ್ಕೆ ಕಟ್ಟಿದ ಹಗ್ಗದ ಸಮೇತ, ನೇತುಹಾಕಿರಿ. ಈ ಹೊಂಡಗಳ ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿದೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿಗೆ ಪಾಚಿ ಕಟ್ಟಿದ ಮೇಲೆ ಬಿದ್ದ ಮಗುವಿಗಾಗಲಿ, ಇಳಿದ ದೊಡ್ಡವರಿಗಾಗಲಿ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಎರಿ ಮಣ್ಣಿನ ಹೊಂಡವೂ ಮಳೆಯಲ್ಲಿ ಅಷ್ಟೇ ಜಾರು. ಗಂಟು ಹಾಕಿದ ಒಂದು ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬು ಪ್ರತಿ ಹೊಂಡದ ಬದಿಗೂ ಇರಬೇಕು. ನಿಮ್ಮ ಓಣಿಯವರಿಗೂ ಹೇಳಿರಿ.

ಹರಿಗೋಲು ಬಂದರೂ ಜೀವರಕ್ಷಕ ಜಾಕೀಟು ಬಿಡುವಂತಿಲ್ಲ. ‘ನಮಗ ಈಸು ಬರ್ತದರಿ’ ಎನ್ನುವುದು ಎಲ್ಲರೂ ಹೇಳುವ 
ಮಾತು. ಕಾಲಿಗೆ ಬಲೆ ಸುತ್ತಿದವನ ಕಥೆ ಮೇಲೆ ಬರೆದಿದ್ದೇನೆ. ಸೊಂಟಕ್ಕೆ ಒಂದು ಹರಿತವಾದ ಸಣ್ಣ ಚೂರಿಯೂ ಇರಲಿ, ಬಲೆ ಹೋದರೆ ಹೋಗಲಿ.

ಅಳಿಯನಿಗೆ ಗಾಳ ಹಾಕಿ ಕೂಡುವ ಖುಷಿ ಬೇಕಾಗಿದೆ ಎಂದೂ ಬರೆದಿದ್ದೀರಿ. ಅದಕ್ಕೆ ನೀರಿನ ಮೇಲೆ ಹೋಗಲೇಬೇಕೆಂದಿಲ್ಲ. ಮೈದಾನದ ಕೆರೆಯಲ್ಲಿ ಹೊಸ ನೀರು ಬಂದು ಬೀಳುವ ಬಾಯಿ, ತೂಬಿನ ಹತ್ತಿರದ ಆಳ, ದಂಡೆಯ ಮರದ ನೆರಳು, ಈ ಮೂರು ಕಡೆ ಬೆಳಗ್ಗೆ ಸಂಜೆ ಮೀನೇ ಮನುಷ್ಯನ ಹತ್ತಿರ ಬರುತ್ತದೆ. ಸಾಮಾನ್ಯ ಗೆಂಡೆ, ಮೃಗಾಲ ತಳದಲ್ಲಿ ಮೇಯುವ ಮೀನು, ಎರೆಹುಳವೋ ಕಣಕದ ಉಂಡೆಯೋ ತಳಕ್ಕೆ ಇಳಿದರೆ ಬರುತ್ತವೆ. ಕಟ್ಲಾ ಮೇಲಿನ ನೀರಿನದು, ಗಾಳಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಜೊಂಡಿನ ಅಂಚಿನಲ್ಲಿ ಕೊರವ ಕಾದಿರುತ್ತದೆ, ಅದಕ್ಕೆ ಜೀವಂತ ಸಣ್ಣ ಮೀನು ಬೇಕು. ಸಂಘದ ಕೆರೆಯಾದ್ದರಿಂದ ಉಳಿದ ಸದಸ್ಯರ ಒಪ್ಪಿಗೆ ಕೇಳಿಯೇ ಗಾಳ ಹಾಕಲಿ. ಬಿತ್ತಿದ ಮೀನಿನ ಮರಿ ಎಲ್ಲರ ದುಡ್ಡಿನದು.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇದನ್ನು ಹರಿಗೋಲು ತರುವುದಕ್ಕೂ ಮುಂಚೆ ಮಾಡಿರಿ. ನಿಮ್ಮ ಕೆರೆಯಲ್ಲಿ ಹೂಳು ತೆಗೆದವರು, ಇಟ್ಟಂಗಿಗೆ, ಹೊಲಕ್ಕೆ ಮಣ್ಣು ಒಯ್ದವರು ತೋಡಿದ ಗುಂಡಿಗಳು ಎಲ್ಲೆಲ್ಲಿವೆ? ಹಳೆಯ ಬಾವಿ ಮುಳುಗಿದೆಯೇ? ಎದೆಮಟ್ಟದ ನೀರು ಒಂದೇ ಹೆಜ್ಜೆಗೆ ಎರಡಾಳಾಗುವುದು ಅಲ್ಲಿಯೇ. ದನ ಮೈತೊಳೆಯುವ ಹುಡುಗರಿಗೆ, ಊರಿನ ಹಿರಿಯರಿಗೆ ಇದು ಗೊತ್ತಿರುತ್ತದೆ. ಅವರನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಕೇಳಿ, ಒಂದು ಕಾಗದದ ಮೇಲೆ ನಕ್ಷೆ ಬರೆದುಕೊಳ್ಳಿರಿ. ನೀರು ಇಳಿಯುವ ಚೈತ್ರ ವೈಶಾಖದಲ್ಲಿ ನೀವೇ ಕೆರೆಯ ಅಂಗಳದಲ್ಲಿ ನಡೆದು, ಗುಂಡಿ ಇರುವಲ್ಲಿ ಉದ್ದನೆಯ ಗಳ ನೆಟ್ಟು ತುದಿಗೆ ಬಟ್ಟೆ ಕಟ್ಟಿರಿ, ಜಾಲಿ ಬೊಡ್ಡೆಗಳನ್ನು ಕಡಿಸಿರಿ. ಬಲೆಯೂ ಹರಿಯುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಈಸಲು ಬರುವ ಮಕ್ಕಳಿಗೂ ಗಳ ಕಾಣುತ್ತದೆ.

ಭತ್ತದ ಕೊಯ್ಲು ಮುಗಿದ ಮೇಲೆ ಇಬ್ಬರೂ ಇಲ್ಲಿಗೆ ಬನ್ನಿರಿ. ನಮ್ಮೂರ ಕೆರೆಯಲ್ಲಿ ಹರಿಗೋಲು ನಡೆಸುವವರೊಬ್ಬರಿಗೆ ಹೇಳಿಟ್ಟಿದ್ದೇನೆ, ಹುಟ್ಟು ಎಳೆಯುವುದನ್ನು ಅವರು ಕಲಿಸುತ್ತಾರೆ. ಅಳಿಯ ಎರಡು ದಿನ ಇದ್ದು ಹೋಗುವಂತೆ ಬರಲಿ, ಒಂದು ದಿನಕ್ಕೆ ಕೈ ಪಳಗುವುದಿಲ್ಲ. ನಿಮ್ಮ ಕಡೆಯ ಹಸಿ ಕಡಲಿ ಗಿಡ ಆ ಹೊತ್ತಿಗೆ ಬಂದಿದ್ದರೆ ಒಂದು ಹೊರೆ ತನ್ನಿರಿ, ನಮ್ಮ ಮನೆಯ ಮಕ್ಕಳು ಈಗಲೇ ಕೇಳುತ್ತಿದ್ದಾರೆ.



ಇತಿ ನಿಮ್ಮ ಗೆಳೆಯ